ಮೂರನೇ ಸಾರ್

ನಗಲಿಕ್ಕೆಂದು ಯಾರೂ ಮಕ್ಕಳ ರಕ್ಷಣಾ ಘಟಕಕ್ಕೆ ಬರುವುದಿಲ್ಲ. ಆದರೂ ಕಚೇರಿ ಅಂದಮೇಲೆ ನಗು ಬರಿಸುವ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಪುಟ್ಟೇನಹಳ್ಳಿಯ ಅಜ್ಜಿಯೊಬ್ಬರ ಒಂದೇ ಅರ್ಜಿಯಲ್ಲಿ ನನಗೆ ಮೂರು ಸಿಕ್ಕವು.

ಕೊಡುವವರು ಯಾರು

ತಂದೆತಾಯಿ ಇಲ್ಲದ ಮೊಮ್ಮಗಳನ್ನು ಅಜ್ಜಿ ಹೂ ಕಟ್ಟಿ ಸಾಕುತ್ತಿದ್ದರು. ತಿಂಗಳು ತಿಂಗಳು ಸರ್ಕಾರದ ಸಹಾಯ ಸಿಕ್ಕರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಇಲ್ಲವಾದರೆ ಬಾಲಮಂದಿರ ಸೇರಬೇಕು. ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಅಜ್ಜಿ ಕೇಳಿದರು. ಸರಿಯಾದ ಪ್ರಶ್ನೆ, ಆದ್ದರಿಂದ ಪೂರ್ತಿ ಉತ್ತರ ಕೊಟ್ಟೆ: ಕೇಂದ್ರ ಒಂದು ಪಾಲು ಕೊಡುತ್ತದೆ, ರಾಜ್ಯ ತನ್ನ ಪಾಲು ಸೇರಿಸುತ್ತದೆ, ಅದು ಇಲಾಖೆಗೆ ಬಂದು, ಜಿಲ್ಲೆಗೆ ಇಳಿದು, ನಮ್ಮ ಘಟಕದ ಮೂಲಕ ನಿಮ್ಮ ಖಾತೆಗೆ.

ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡರು. "ಇಷ್ಟು ಜನ ಸೇರಿ ಕೊಡೋದಾ? ಅಂಗಾದ್ರೆ ಯಾರೂ ಕೊಡಾಕಿಲ್ಲ ಬುಡಿ ಸಾರ್."

ನನಗೆ ನಾನೇ ಬರೆದ ಪತ್ರ

ಹೇಗೋ ಕೂರಿಸಿ ಅರ್ಜಿ ತೆಗೆದುಕೊಂಡೆ. ಘಟಕದಲ್ಲಿ ಮೂವರು ರಕ್ಷಣಾಧಿಕಾರಿಗಳಿರಬೇಕು: ಬಾಲಮಂದಿರದ ಮಕ್ಕಳಿಗೊಬ್ಬರು, ಮನೆಯಲ್ಲಿರುವ ಮಕ್ಕಳಿಗೊಬ್ಬರು, ಕಾನೂನಿಗೊಬ್ಬರು. ಎಲ್ಲರೂ ಗುತ್ತಿಗೆಯವರೇ. ಇಬ್ಬರು ಬೇರೆ ಕೆಲಸ ಸಿಕ್ಕಿ ಹೋದರು. ಮೂರೂ ಹುದ್ದೆಗಳ ಪ್ರಭಾರ ಉಳಿದ ನನ್ನೊಬ್ಬನ ಮೇಲೆ ಬಿತ್ತು. ಹಾಗೆಂದು ನಿಯಮ ಬಿಡಲಾಗುತ್ತದೆಯೇ? ಮನೆ ಮಕ್ಕಳ ಅಧಿಕಾರಿಯಾಗಿ, ಕಾನೂನು ಅಧಿಕಾರಿಯ ಅಭಿಪ್ರಾಯ ಕೇಳಿ ಬರೆದೆ. ಕಾನೂನು ಅಧಿಕಾರಿಯಾಗಿ ನೋಡಿದರೆ ತಂದೆಯ ಮರಣ ಪ್ರಮಾಣಪತ್ರ ಲಗತ್ತಿಸಿಲ್ಲ. ವಾಪಸ್ ಕಳಿಸಿದೆ.

ಪತ್ರ ಹೊತ್ತು ಈ ಟೇಬಲ್ಲಿಂದ ಆ ಟೇಬಲ್ಲಿಗೆ ಓಡಾಡುತ್ತಿದ್ದ ಕಂಪ್ಯೂಟರ್ ಆಪರೇಟರ್ ಹುಡುಗಿ, ಬಾಯಲ್ಲೇ ಕೇಳಿಕೊಂಡರೆ ಆಗುವುದಿಲ್ಲವೇ ಅಂದಳು. ಬಾಯಿಮಾತಿಗೆ ದಾಖಲೆ ಇರುವುದಿಲ್ಲ ಎಂದೆ.

"ಹಂಗಾದ್ರೆ ಒಂದು ಜ್ಞಾಪನಾ ಪತ್ರನೂ ರೆಡಿ ಮಾಡಿಡ್ತೀನಿ ಸಾರ್. ಆ ಕಾನೂನು ಸಾರ್ ತುಂಬಾ ನಿಧಾನ."

ಸಮಿತಿಯ ಮುಂದೆ

ಪ್ರಮಾಣಪತ್ರ ಸಿಕ್ಕಿತು, ಅರ್ಜಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂತು. ಅಜ್ಜಿ ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ನಿಂತಿದ್ದರು. ಅಧ್ಯಕ್ಷೆ ಮೂವರು ಅಧಿಕಾರಿಗಳ ಅಭಿಪ್ರಾಯವನ್ನೂ ಕೇಳಿದರು. ಎದ್ದೆ: ಮಗು ಅಜ್ಜಿಯ ಬಳಿಯೇ ಇರಲಿ, ಸಹಾಯ ಕೊಡಬಹುದು. ಕೂತು, ಮತ್ತೆ ಎದ್ದೆ: ಕಾನೂನಿನ ಅಡ್ಡಿಯಿಲ್ಲ. ಮೂರನೆಯ ಸಲ ಬಾಲಮಂದಿರದ ಅಧಿಕಾರಿಯಾಗಿ ಎದ್ದು, ಅಲ್ಲಿ ಜಾಗ ಖಾಲಿಯಿದೆ, ಊಟ-ಪಾಠ ಚೆನ್ನಾಗಿದೆ ಎಂದೆ. ಇದ್ದದ್ದನ್ನು ಹೇಳಬೇಕಲ್ಲ.

ಅಜ್ಜಿ ಮುಂದೆ ಬಂದರು. "ಮೇಡಮ್ಮೋರೆ, ಮೊದಲು ಮಾತಾಡಿದ್ರಲ್ಲ, ಆ ಇಬ್ರು ಸಾರೂ ದೇವ್ರಂಥೋರು. ಈ ಮೂರನೇ ಸಾರ್ ಮಾತು ಮಾತ್ರ ಕೇಳ್ಬ್ಯಾಡಿ."

ಅಧ್ಯಕ್ಷೆ ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ಮಗು ಅಜ್ಜಿಯ ಬಳಿಯೇ ಇರಲಿ, ಸಹಾಯವೂ ಸಿಗಲಿ ಎಂದು ಆದೇಶ ಬರೆಸಿದರು.

ಹೊರಡುವ ಮುಂಚೆ ಅಜ್ಜಿ ನನ್ನೆದುರು ನಿಂತು ಎರಡು ಸಲ ಕೈಮುಗಿದರು. ಆಮೇಲೆ ಒಮ್ಮೆ ದುರುಗುಟ್ಟಿ ನೋಡಿ ಹೋದರು.