ಬೀಗಿತ್ತಿಯ ಬಟಾಟೆ

ಮಗಳು ವೀಣಾ ಪರದೇಶದ ಹುಡುಗನನ್ನು ಮದುವೆಯಾಗುತ್ತೇನೆಂದಾಗ ನಾನು ಕೂಗಾಡಲಿಲ್ಲ. ಜಾತಿ, ಭಾಷೆ, ದೇಶ ಯಾವುದಕ್ಕೂ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಊಟದ ತಾಟಿನದು; ಅಲ್ಲಿ ಮಾತ್ರ ನಾನು ಯಾರನ್ನೂ ಕ್ಷಮಿಸುವವನಲ್ಲ.

ಅಳಿಯನ ತಾಯಿ ನೋರಾ ಐರ್ಲೆಂಡಿನ ಹಳ್ಳಿಯಿಂದ ಮೊದಲ ಬಾರಿ ಮುಂಬಯಿಯ ಭಾಂಡುಪಿನ ನಮ್ಮ ಮನೆಗೆ ಬಂದಿದ್ದರು. ದನ ಕಟ್ಟಿ, ಹಾಲು ಕರೆದು ಬಾಳಿದ ಹೆಂಗಸು. ಕೂತು ಉಂಡು ಗೊತ್ತಿಲ್ಲ. ಒಂದು ದಿನ "ಇವತ್ತು ನಮ್ಮನೆಯ ಊಟ" ಎಂದು ವೀಣಾಳ ಮೂಲಕ ಸಾರಿ, ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ಅಡಿಗೆಮನೆ ಹೊಕ್ಕರು. ನನ್ನ ಹೆಂಡತಿ ಶಾಂತಾ ಹಿಂದೆಯೇ ಹೋದಳು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಆದರೂ ಒಳಗಿನಿಂದ ನಗು ಕೇಳುತ್ತಿತ್ತು. ಒಗ್ಗರಣೆಯ ಸದ್ದು ಮಾತ್ರ ಕೇಳಲಿಲ್ಲ. ನನಗೆ ಆಗಲೇ ಸಂಶಯ ಬಂತು.

ಕೊನೆಗೆ ಬಂದದ್ದೇನು? ಬೇಯಿಸಿ ಹಿಸುಕಿದ ಬಟಾಟೆ, ಅದರೊಳಗೆ ಬೇಯಿಸಿದ ಎಲೆಕೋಸು, ನಡುವೆ ಗುಳಿ ತೋಡಿ ಇಟ್ಟ ಬೆಣ್ಣೆ, ಪಕ್ಕಕ್ಕೊಂದು ಲೋಟ ಮಜ್ಜಿಗೆ. ಇಂಗಿಲ್ಲ, ಕರಿಬೇವಿಲ್ಲ, ಮೆಣಸಿನಕಾಯಿಯ ನೆರಳೂ ಬಿದ್ದಿಲ್ಲ. ನಮ್ಮ ವಿಜಯಪುರದ ಕಡೆ ಇಂಥದನ್ನು ಜ್ವರ ಬಿಟ್ಟವರಿಗೆ ಕೊಡುತ್ತಾರೆ, ಅದೂ ಡಾಕ್ಟರು ಹೇಳಿದರೆ! ಈ ಮುಂಬಯಿಯ ವಡಾಪಾವಿನಲ್ಲಿ ಬಟಾಟೆಗೆ ಸಿಗುವ ಮರ್ಯಾದೆ ಕಂಡವನು ನಾನು. ಹೇಗೆ ಸಹಿಸಲಿ? ಡಬ್ಬಿ ತೆಗೆದು, ಬೆಣ್ಣೆಯ ಗುಳಿ ಮುಚ್ಚುವಷ್ಟು ಶೇಂಗಾ ಚಟ್ನಿಪುಡಿ ಸುರಿದುಕೊಂಡೆ.

ನೋರಾ ಚಮಚ ಕೆಳಗಿಟ್ಟರು.

"ಅಪ್ಪಾ, ರುಚಿನೂ ನೋಡ್ದಂಗ ಏನ್ ಮಾಡಿದ್ರಿ?" ವೀಣಾ ಪಿಸುಗುಟ್ಟಿದಳು. "ಅವರು ಸಣ್ಣಾಕಿ ಇದ್ದಾಗಿಂದ ಉಣ್ಣೋ ಊಟ ಅದು. ಎಷ್ಟ್ ಹರ್ಟ್ ಆಗ್ಯಾರ ನೋಡ್ರಿ."

"ನಾ ಏನ್ ವಿಷಾ ಹಾಕ್ಕೊಂಡೇನೇನು?" ಎಂದೆ.

ಮರುದಿನ ಶಾಂತಾ ಜೋಳದ ರೊಟ್ಟಿ ಬಡಿದಳು. ಜೊತೆಗೆ ಬದನೆ ಎಣ್ಣೆಗಾಯಿ. ನೋರಾ ಬಿಸಿರೊಟ್ಟಿ ಎತ್ತಿಕೊಂಡು, ನನ್ನ ಮುಖವನ್ನೇ ನೋಡುತ್ತ, ಬೆಣ್ಣೆ ಸವರಿ, ಅದರ ಮೇಲೆ ಸ್ಟ್ರಾಬೆರಿ ಜಾಮ್ ಬಳಿದರು. ಎಣ್ಣೆಗಾಯಿಯ ಕಡೆ ತಿರುಗಿಯೂ ನೋಡಲಿಲ್ಲ!

ನನ್ನ ರಕ್ತ ಕುದಿಯಿತು. "ಜ್ವಾಳದ ರೊಟ್ಟಿಗೆ ಜಾಮ್! ಶಾಂತಾ, ನೋಡ್ಕೋತ ಸುಮ್ನ ಕುಂತೀಯಲ್ಲ?"

"ನಿನ್ನೆ ನೀವು ಅವರ ಬಟಾಟಿಗೆ ಖಾರ ಸುರಿಯೂ ಮುಂದ ಅವರು ಸುಮ್ನ ಕುಂತಿದ್ದಿಲ್ಲೇನು? ಇವತ್ತ ನೀವು ಕುಂಡ್ರಿ."

ವೀಣಾ ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ನೋರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನೊಂದು ರೊಟ್ಟಿಗೂ ಜಾಮ್ ಬಳಿದು ನನ್ನ ತಾಟಿಗೆ ಹಾಕಿದರು. ಬೀಗಿತ್ತಿ ಬಡಿಸಿದ್ದನ್ನು ತಳ್ಳುವಂತಿಲ್ಲ. ಅಲ್ಲದೆ, ಅದೆಷ್ಟು ಕೆಟ್ಟದಾಗಿದೆಯೆಂದು ನಾಲ್ಕು ಜನಕ್ಕೆ ಹೇಳಬೇಕಾದರೂ ತಿಂದು ನೋಡಬೇಕಲ್ಲ! ತಿಂದೆ. ಒಂದರಲ್ಲಿ ಸರಿಯಾಗಿ ತಿಳಿಯಲಿಲ್ಲ. ಎರಡನೆಯದರಲ್ಲೂ ಅನುಮಾನ ಉಳಿಯಿತು. ಮೂರನೆಯದಕ್ಕೆ ಕೈಹಾಕುವಷ್ಟರಲ್ಲಿ ಜಾಮ್ ಮುಗಿದುಹೋಗಿತ್ತು. ಮನೆಗೆ ಬೀಗರು ಬಂದಿರುವಾಗ ಇಷ್ಟು ಸಣ್ಣ ಬಾಟಲಿ ಯಾರಾದರೂ ತರುತ್ತಾರೆಯೇ ಎಂದು ಶಾಂತಾಳ ಮೇಲೆ ರೇಗಿದೆ.