ಖಾಲಿ ತಟ್ಟೆಯ ತೋರ್ಬೆನ್

ತೋರ್ಬೆನ್ ಮಾಡಿದ ತಪ್ಪು ಇಷ್ಟೇ: ತಟ್ಟೆಯನ್ನು ತೊಳೆದು ವಾಪಸ್ಸು ಕೊಟ್ಟ.

ಸುಮ್ಮನೆ ಕೊಟ್ಟವನೂ ಅಲ್ಲ. ಸೋಪು ಹಾಕಿ ಎರಡು ಸಲ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಕೆಳಗಿನ ಮನೆಯ ಬಾಗಿಲು ತಟ್ಟಿ, "ನೀವು ಕಳಿಸಿದ ಚೀಸಿನ ಬೋರೆಕ್ ಬಹಳ ರುಚಿಯಾಗಿತ್ತು, ಧನ್ಯವಾದಗಳು" ಎಂದು ಎರಡೂ ಕೈಯಲ್ಲಿ ಒಪ್ಪಿಸಿದ್ದ. ಮನೆಯೊಡತಿ ನೆಬಾಹತ್ ಅಮ್ಮ ತಟ್ಟೆಯನ್ನು ನೋಡಿದರು. ಹಿಂದೆಯಾದರೂ ಏನಾದರೂ ಅಂಟಿಕೊಂಡಿದೆಯೋ ಎಂಬಂತೆ ತಿರುಗಿಸಿ ನೋಡಿದರು. "ಓಹೋ" ಎಂದರು. ಬಾಗಿಲು ಹಾಕಿಕೊಂಡರು. ತನ್ನ ತುರ್ಕಿ ಭಾಷೆ ದಿನೇ ದಿನೇ ಸುಧಾರಿಸುತ್ತಿದೆ ಎಂದುಕೊಂಡು ತೋರ್ಬೆನ್ ಮೆಟ್ಟಿಲು ಹತ್ತಿದ.

ಮಾರನೆಯ ಬೆಳಿಗ್ಗೆ ರೊಟ್ಟಿ ತರಲು ರಿಫ್ಕಿಯ ಕಿರಾಣಿ ಅಂಗಡಿಗೆ ಹೋದ. ಆ ಬೀದಿಯಲ್ಲಿ ಯಾರು ಸೀನಿದರೂ ಸುದ್ದಿ ಮೊದಲು ಬರುವುದು ರಿಫ್ಕಿಯ ಗಲ್ಲಾಪೆಟ್ಟಿಗೆಗೆ. ದಿನಾ "ಬಾಪ್ಪಾ ಡೆನ್ಮಾರ್ಕ್" ಎಂದು ಕೂಗಿ ಕರೆಯುವವನು ಇವತ್ತು ರೊಟ್ಟಿಯನ್ನು ಕಾಗದದಲ್ಲಿ ಸುತ್ತುತ್ತ ಸುತ್ತುತ್ತ ನಿಟ್ಟುಸಿರುಬಿಟ್ಟ.

"ಅಲ್ಲ ಮಾರಾಯ, ಅಮ್ಮನ ತಟ್ಟೇನ ಖಾಲಿ ವಾಪಸ್ ಕೊಟ್ಯಂತೆ?"

"ಖಾಲಿ ಅಲ್ಲ. ಶುಭ್ರವಾಗಿತ್ತು," ಎಂದ ತೋರ್ಬೆನ್.

"ಶುಭ್ರವಂತೆ! ಅಯ್ಯೋ ನಿನ್ನ! ನೆರೆಮನೆ ತಟ್ಟೆ ಖಾಲಿ ಹೋಗಬಾರದು ಕಣಯ್ಯಾ. ಕೈಯಾರೆ ಏನಾದ್ರೂ ಮಾಡಿ ಹಾಕಿ ಕಳಿಸ್ಬೇಕು. ಖಾಲಿ ಕೊಟ್ರೆ, ನಿಮ್ಮ ಸಹವಾಸ ಸಾಕು ಅಂತ ಮುಖಕ್ಕೆ ಹೇಳ್ದಂಗೆ. ಆರು ತಿಂಗಳಿಂದ ಈ ಊರಲ್ಲಿದ್ದೀಯ, ಗೊತ್ತಾಗ್ಲಿಲ್ವಾ?"

ಗೊತ್ತಾಗಲು ಅವಕಾಶವೇ ಇರಲಿಲ್ಲ. ತೋರ್ಬೆನ್ ಸಮುದ್ರದ ಅಂಚಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಬಿಸಿಲು ಜಾಸ್ತಿಯಾಯಿತು ಎಂದು ದೂರುವ ಉತ್ತರದೇಶದ ಅತಿಥಿಗಳಿಗೆ ಅವರದೇ ಭಾಷೆಯಲ್ಲಿ ಕ್ಷಮೆ ಕೇಳುವುದು ಅವನ ಉದ್ಯೋಗ. ಊಟ, ತಿಂಡಿ ಎಲ್ಲ ಅಲ್ಲೇ. ಈಗ ಅಕ್ಟೋಬರ್ ಬಂದು, ಛತ್ರಿಗಳನ್ನು ಮಡಚಿ, ದಾಚಾ ಊರಿಗೆ ಊರೇ ಉಸಿರುಬಿಟ್ಟು ಕೂತಮೇಲೆ ಇವನೂ ಸಂಜೆಹೊತ್ತು ಮನೆಯಲ್ಲಿರತೊಡಗಿದ್ದ. ಬಂದ ಮೊದಲನೆಯ ತಟ್ಟೆಯಲ್ಲೇ ಎಡವಿದ್ದ.

"ಇವತ್ತು ಸಾಯಂಕಾಲ ಅಮ್ಮ ತೀರ್ಮಾನ ಮಾಡ್ತಾರಂತೆ," ರಿಫ್ಕಿ ದನಿ ತಗ್ಗಿಸಿದ. "ಇಜ್ಮಿರ್‌ನಿಂದ ತಮ್ಮನ ಮಗ ಓರ್ಚುನ್ ಬಂದು ಕೂತಿದಾನೆ. ಮೇಲಿನ ಮನೆ ನಂಗೆ ಕೊಡಿ, ಏನೋ ವ್ಯಾಪಾರ ಮಾಡ್ತೀನಿ ಅಂತ. ಮೊನ್ನೆವರೆಗೂ ಅಮ್ಮ ನಿನ್ನ ಕಡೆಗೇ ಇದ್ರು. ಈಗ ನೀನೇ ಹೋಗಿ ಈ ತಟ್ಟೆ..." ಎಂದು ಮಾತು ಮುಗಿಸದೆ ತಲೆಯಾಡಿಸಿದ.

ತೋರ್ಬೆನ್ ರೊಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಆ ಮನೆಯೆಂದರೆ ಎರಡು ಕೋಣೆ, ಒಂದು ಬಾಲ್ಕನಿ. ಆದರೆ ಆ ಬಾಲ್ಕನಿಯಲ್ಲಿ ಕೂತರೆ ಸಮುದ್ರ ಕಾಲ ಬುಡಕ್ಕೇ ಬಂದಂತೆ ಕಾಣುತ್ತಿತ್ತು. ಐವತ್ತೊಂದು ವರ್ಷ ಬದುಕಿದ್ದ ಅವನು ಕೂತ ಜಾಗದಿಂದ ಏಳಬೇಕೆನಿಸದೆ ಇದ್ದದ್ದು ಅಲ್ಲಿ ಮಾತ್ರ. ಆ ಮನೆ ಎಂದರೆ ಅವನಿಗೆ ಪ್ರಾಣ. ಬೇರೆ ಮನೆ ಹುಡುಕೋಣವೆಂದರೆ ಊರಿನವರೆಲ್ಲ ಬೇಸಿಗೆಯ ಅತಿಥಿಗಳಿಗೇ ಮನೆ ಇಟ್ಟುಕೊಂಡವರು. ಮನೆಯ ವಿಳಾಸವಿಲ್ಲದವನಿಗೆ ವಾಸದ ಪರವಾನಗಿ ಇಲ್ಲ, ಪರವಾನಗಿ ಇಲ್ಲದವನಿಗೆ ಕೆಲಸವಿಲ್ಲ. ಮತ್ತೆ ಅದೇ ಡೆನ್ಮಾರ್ಕು, ಅದೇ ಜಿಟಿಜಿಟಿ ಮಳೆ, ಟಪಾಲು ಪೆಟ್ಟಿಗೆಯ ಮೇಲಿನ ಹೆಸರು ಬಿಟ್ಟರೆ ಮುಖವೇ ಗೊತ್ತಿಲ್ಲದ ನೆರೆಹೊರೆ.

"ಏನು ಮಾಡಿಕೊಡಲಿ?" ಎಂದು ಕೇಳಿದ.

"ನಿಂಗೇನು ಬರುತ್ತೆ?"

ತೋರ್ಬೆನ್ ಪ್ರಾಮಾಣಿಕವಾಗಿ ಯೋಚಿಸಿದ. "ಮೊಟ್ಟೆ ಬೇಯಿಸುತ್ತೇನೆ. ಕೆಲವು ಸಲ ಒಡೆಯುತ್ತದೆ."

ರಿಫ್ಕಿ ರೊಟ್ಟಿಯನ್ನು ಅವನ ಕೈಗೆ ತುರುಕಿದ. ಆಮೇಲೆ ಒಳಗೆ ಹೋಗಿ, ಹೆಂಡತಿ ಉಪ್ಪುನೀರಿನಲ್ಲಿ ಹಾಕಿಟ್ಟ ಆಲಿವ್ ಕಾಯಿಗಳನ್ನು ಒಂದು ತಟ್ಟೆ ತುಂಬ ತಂದ. "ತಗೋ, ಇದನ್ನ ತಿಂದು ಧೈರ್ಯ ಮಾಡ್ಕೋ. ಅಡಿಗೆ ಗುಲ್ಸೆರೆನ್ ಅಕ್ಕನ್ನ ಕೇಳು."

ತೋರ್ಬೆನ್ ಹೋಟೆಲಿಗೆ ಫೋನು ಮಾಡಿ, ಇವತ್ತು ಬರಲಾಗದು, ಒಂದು ತಟ್ಟೆಯ ವಿಷಯವಾಗಿ ತೊಂದರೆಯಾಗಿದೆ ಎಂದ. ಜ್ವರ ಬಂದಿದೆ ಎಂದಾಗ ಎಂದೂ ರಜೆ ಕೊಡದಿದ್ದ ಯಜಮಾನ ಇವತ್ತು ಗಾಬರಿಯಾಗಿ, "ಖಾಲಿ ಕೊಟ್ಟೆಯಾ? ಹೋಗು ಹೋಗು, ಮೊದಲು ಅದನ್ನ ಸರಿಮಾಡ್ಕೋ" ಎಂದ.

ಗುಲ್ಸೆರೆನ್ ಎದುರುಮನೆಯವಳು. ಮೂರು ಮಕ್ಕಳ ಮದುವೆ ಮಾಡಿ ಕಳಿಸಿ, ಇನ್ನು ಯಾರಿಗೆ ಉಣಬಡಿಸಲಿ ಎಂದು ಬೀದಿಯ ಕಡೆ ನೋಡುತ್ತ ಕೂತಿದ್ದಳು. ವಿಷಯ ಕೇಳುತ್ತಲೇ ಸೊಂಟಕ್ಕೆ ಸೆರಗು ಬಿಗಿಯುವ ಹುರುಪಿನಲ್ಲಿ ಎದ್ದಳು.

"ಹೇಳಿಕೊಡ್ತೀನಿ ಬಾ ತಮ್ಮಾ. ದ್ರಾಕ್ಷಿ ಎಲೆ ತಗೋ. ಹೀಗಿಡು. ಅಕ್ಕಿ ಒಳಗೆ. ಸುತ್ತು. ಅಯ್ಯಯ್ಯೋ, ಇದೇನಿದು, ಹಾಸಿಗೆ ಸುತ್ತೋ ಹಾಗೆ! ಬಿಡು ಬಿಡು. ನೀನು ಅಲ್ಲಿ ಕೂತ್ಕೊಂಡು ಟೀ ಕುಡಿ, ನೋಡಿ ಕಲಿ."

ತೋರ್ಬೆನ್ ಟೀ ಕುಡಿದ. ಇನ್ನೊಂದು ಟೀ ಕುಡಿದ. ಅಷ್ಟರಲ್ಲಿ ಸುರುಳಿಗಳೆಲ್ಲ ಬೆಂದು ಸಾಲಾಗಿ ಒಂದು ತಟ್ಟೆಯಲ್ಲಿ ಮಲಗಿದ್ದವು. "ತಗೋ, ಇದು ನಿನ್ನ ಮಧ್ಯಾಹ್ನದ ಊಟಕ್ಕೆ. ಗಾಳದ ಕಡ್ಡಿ ಹಾಗೆ ಒಣಗಿಹೋಗಿದ್ದೀಯ. ತಟ್ಟೆ ಯಾವಾಗಾದ್ರೂ ಕೊಡು, ಅವಸರವೇನಿಲ್ಲ."

ಅವಸರವಿಲ್ಲ ಎನ್ನುವಾಗ ಅವಳ ಕಣ್ಣು ತಟ್ಟೆಯ ಮೇಲೇ ಇತ್ತು. ಈಗ ರಿಫ್ಕಿಯ ಆಲಿವ್ ತಟ್ಟೆ ಒಂದು, ಗುಲ್ಸೆರೆನ್ ಅಕ್ಕನದು ಇನ್ನೊಂದು. ನಿನ್ನೆಯವರೆಗೆ ನಿಯಮ ಗೊತ್ತಿಲ್ಲದೆ ಸುಖವಾಗಿದ್ದ ತೋರ್ಬೆನ್‌ಗೆ ಈಗ ಗೊತ್ತಾಗಿ ಬೆವರಿಳಿಯತೊಡಗಿತು.

ಬೀದಿಯ ತುದಿಯಲ್ಲಿ ನಿವೃತ್ತ ಶಾಲಾಮಾಸ್ತರರಾದ ಹಿಕ್ಮೆತ್ ಮೇಷ್ಟ್ರಿದ್ದರು. ಓದಿದವರು, ಖಾಲಿ ತಟ್ಟೆಗೆ ಬೇರೆ ಪರಿಹಾರವೇನಾದರೂ ಇದ್ದೀತು ಎಂದು ಅವರಲ್ಲಿಗೆ ಹೋದ. ಬಾಯಿಮಾತಿನ ಕ್ಷಮೆ ಸಾಲದೇ ಎಂದು ಕೇಳಿದ.

"ಸಾಲದು," ಎಂದರು ಮೇಷ್ಟ್ರು, ಕನ್ನಡಕ ಸರಿಮಾಡಿಕೊಂಡು. "ಮಾತು ಗಾಳಿಗೆ ಹೋಗುತ್ತೆ, ಹೊಟ್ಟೆಗೆ ಹೋಗಲ್ಲ. ಕೂತ್ಕೋ, ಇದರ ಹಿನ್ನೆಲೆ ಹೇಳ್ತೀನಿ." ಹಿನ್ನೆಲೆ ಅವರ ಅಜ್ಜಿಯ ಕಾಲದಿಂದ ಶುರುವಾಯಿತು. ಕತೆ ಅಜ್ಜಿಯ ಮದುವೆಗೆ ಬರುವ ಹೊತ್ತಿಗೆ ಮೇಷ್ಟ್ರ ಹೆಂಡತಿ ಅಡಿಗೆಮನೆಯಿಂದ ಬಂದು, "ಪಾಪ, ಕೇಳಿ ಕೇಳಿ ಸುಸ್ತಾಗಿದಾನೆ" ಎಂದು ಸಕ್ಕರೆಪಾಕದ ಸಿಹಿಗುಂಬಳದ ಮೇಲೆ ಅಕ್ರೋಟು ಉದುರಿಸಿ ಒಂದು ತಟ್ಟೆ ಕೈಗಿಟ್ಟರು.

ಬೇಡವೆನ್ನಲು ತೋರ್ಬೆನ್ ಬಾಯಿ ತೆರೆದ. ಬೇಡವೆನ್ನುವುದು ಖಾಲಿ ಕೊಡುವುದಕ್ಕಿಂತ ದೊಡ್ಡ ತಪ್ಪಿದ್ದರೆ ಎಂದು ಹೆದರಿ ಬಾಯಿ ಮುಚ್ಚಿದ.

ಮನೆಗೆ ಬಂದು ಮೂರು ತಟ್ಟೆಗಳನ್ನೂ ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಚಿ, ತನ್ನ ತಾಯಿ ಮಾಡುತ್ತಿದ್ದ ಮಾಂಸದ ಉಂಡೆ ಮಾಡಲು ನಿಂತ. ಎಣ್ಣೆ ಕಾಯಿತು. ಉಂಡೆ ಬಿತ್ತು. ಹೊರಗಡೆ ಇದ್ದಲಾಯಿತು, ಒಳಗಡೆ ಹಸಿಯೇ ಉಳಿಯಿತು. ಹೊಗೆ ಬಾಲ್ಕನಿಯಿಂದ ಇಳಿದು, ಕೆಳಗೆ ನೆಬಾಹತ್ ಅಮ್ಮ ಒಣಹಾಕಿದ್ದ ಬಿಳಿ ಹೊದಿಕೆಗಳ ಮೇಲೆ ಸಾವಕಾಶವಾಗಿ ಕೂತಿತು. ಎದುರುಮನೆ ಕಿಟಕಿಯಿಂದ ಗುಲ್ಸೆರೆನ್, "ಡೆನ್ಮಾರ್ಕ್ ಹತ್ಕೊಂಡು ಉರೀತಿದೆ!" ಎಂದು ಕಿರುಚಿ, ಬಕೆಟ್ ನೀರು ಹಿಡಿದು ಓಡಿಬಂದು, ಕೇಳದೆ ಒಲೆಯ ಮೇಲೂ ತೋರ್ಬೆನ್ ಮೇಲೂ ಸುರಿದು ಹೋದಳು.

ಕೆಳಗೆ ಹೊದಿಕೆಗಳನ್ನು ಸರಕ್ಕನೆ ಎಳೆದುಕೊಳ್ಳುವ ಸದ್ದು ಕೇಳಿಸಿತು. ಮಾತೇನೂ ಕೇಳಿಸಲಿಲ್ಲ. ಬೈದಿದ್ದರೆ ವಾಸಿ ಇತ್ತು ಎಂದು ತೋರ್ಬೆನ್‌ಗೆ ಅನ್ನಿಸಿತು.

ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಕುರ್ಚಿಯ ಮೇಲೆ ಕೂತ. ಎದುರಿಗೆ ಮೂರು ತಟ್ಟೆ. ನೋಡಿದ, ಬಹಳ ಹೊತ್ತು ನೋಡಿದ. ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳದ ಮನುಷ್ಯ ಆ ಹೊತ್ತಿನಲ್ಲಿ ಕೆಟ್ಟ.

ಪ್ರತಿ ತಟ್ಟೆಯಿಂದಲೂ ಒಂದು ಪಾಲು ತೆಗೆದು ತನ್ನ ಬಳಿಯಿದ್ದ ಒಂದೇ ತಟ್ಟೆಯಲ್ಲಿ ಅಂದವಾಗಿ ಜೋಡಿಸಿದ. ಅದು ನೆಬಾಹತ್ ಅಮ್ಮನಿಗೆ. ಉಳಿದದ್ದನ್ನು ಅದಲುಬದಲು ಮಾಡಿದ. ಗುಲ್ಸೆರೆನ್‌ಳ ಎಲೆಸುರುಳಿ ರಿಫ್ಕಿಯ ತಟ್ಟೆಗೆ ಹೋಯಿತು. ಮೇಷ್ಟ್ರ ಮನೆಯ ಸಿಹಿಗುಂಬಳ ಗುಲ್ಸೆರೆನ್‌ಳ ತಟ್ಟೆಗೆ. ರಿಫ್ಕಿಯ ಆಲಿವ್ ಮೇಷ್ಟ್ರ ತಟ್ಟೆಗೆ. ಒಣಬಟ್ಟೆ ಉಟ್ಟು ಮನೆಮನೆಗೆ ಹೋಗಿ ಕೊಟ್ಟ. ಕೇಳಿದವರಿಗೆಲ್ಲ "ಮನೆಯಲ್ಲಿ ಮಾಡಿದ್ದು" ಎಂದ. ಯಾರ ಮನೆ ಎಂದು ಯಾರೂ ಕೇಳಲಿಲ್ಲ.

ರಿಫ್ಕಿ ಒಂದು ಸುರುಳಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಭೇಷ್! ಗುಲ್ಸೆರೆನ್ ಅಕ್ಕ ಇದರ ಮುಂದೆ ನಿಲ್ಲಲ್ಲ ಬಿಡು. ಅವಳದ್ದು ಅಗಿದೂ ಅಗಿದೂ ದವಡೆ ನೋಯುತ್ತೆ."

ಗುಲ್ಸೆರೆನ್ ಸಿಹಿಗುಂಬಳ ತಿಂದು ಬೆರಳು ಚೀಪಿದಳು. "ಇದಪ್ಪ ಸಿಹಿ ಅಂದ್ರೆ! ಮೇಷ್ಟ್ರ ಹೆಂಡ್ತಿನೂ ಮಾಡ್ತಾಳೆ, ಸಕ್ಕರೆಯಲ್ಲಿ ಮುಳುಗಿಸಿ ಸಾಯಿಸಿಬಿಡ್ತಾಳೆ."

ಮೇಷ್ಟ್ರು ಆಲಿವ್ ಬೀಜವನ್ನು ಅಂಗೈಗೆ ಉಗುಳಿ, "ಆ ಅಂಗಡಿ ರಿಫ್ಕಿ ಕಲ್ಲು ಮಾರ್ತಾನೆ ಕಲ್ಲು. ಇದು ಆಲಿವ್!" ಎಂದು ಸರ್ಟಿಫಿಕೇಟು ಕೊಟ್ಟರು.

ಸಾಯಂಕಾಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಟ್ಟೆ ಹಿಡಿದು ಕೆಳಗಿಳಿದ ತೋರ್ಬೆನ್, ನೆಬಾಹತ್ ಅಮ್ಮನ ನಡುಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟ. ರಿಫ್ಕಿ, ಗುಲ್ಸೆರೆನ್, ಮೇಷ್ಟ್ರು ಮೂವರೂ ಸಾಲಾಗಿ ಕೂತು ಟೀ ಕುಡಿಯುತ್ತಿದ್ದರು. ಅವನ ಪರವಾಗಿ ಎರಡು ಮಾತಾಡೋಣವೆಂದು, ಯಾರೂ ಕರೆಯದೆ, ಒಬ್ಬೊಬ್ಬರಾಗಿ ಬಂದವರು. ಮೂಲೆಯಲ್ಲಿ ಓರ್ಚುನ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಏನದು?" ಎಂದರು ನೆಬಾಹತ್ ಅಮ್ಮ.

"ನಿನ್ನೆ ತಪ್ಪಾಯಿತು, ಅಮ್ಮ. ಇದನ್ನು ತಂದಿದ್ದೇನೆ."

ತಟ್ಟೆ ಕೈಯಿಂದ ಕೈಗೆ ಹೋಯಿತು. ತೋರ್ಬೆನ್ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಗುಲ್ಸೆರೆನ್ ತನ್ನದೇ ಸುರುಳಿ ಬಾಯಿಗಿಟ್ಟಳು. ಅಗಿಯುವುದು ನಿಧಾನವಾಯಿತು. ಹುಬ್ಬು ಮೇಲೇರಿತು. ಮುಗಿಯಿತು ಕತೆ ಎಂದುಕೊಂಡ ತೋರ್ಬೆನ್.

"ಥೇಟ್ ನನ್ನ ಕೈರುಚಿ!" ಎಂದಳು ಗುಲ್ಸೆರೆನ್, ಸುತ್ತ ನೋಡುತ್ತ. "ಒಂದೇ ಒಂದು ಗಂಟೆ ಹೇಳಿಕೊಟ್ಟೆ ನೋಡಿ. ಕಲಿಸೋರಿದ್ರೆ ಹೀಗಿರ್ಬೇಕು."

"ಇದ್ಯಾಕೋ ನಮ್ಮ ಮನೆಯವಳ ಕುಂಬಳದ ಸಿಹಿ ಇದ್ದ ಹಾಗೇ ಇದೆಯಲ್ಲ," ಎಂದರು ಮೇಷ್ಟ್ರು. "ನಾನು ಮಾತಾಡ್ತಿದ್ದಾಗ ಇವನ ಕಿವಿ ನನ್ನ ಕಡೆ, ಕಣ್ಣು ಅಡಿಗೆಮನೆ ಕಡೆ. ಇಂಥ ವಿದ್ಯಾರ್ಥಿ ನನ್ನ ಸರ್ವೀಸಲ್ಲಿ ಸಿಗಲಿಲ್ಲ." ಮಧ್ಯಾಹ್ನ ಅದೇ ಸಿಹಿಗೆ ಬೆರಳು ಚೀಪಿದ್ದ ಗುಲ್ಸೆರೆನ್‌ಗೆ ಟೀ ನೆತ್ತಿಗೇರಿತು.

"ಆಲಿವ್ ಉಪ್ಪಿಗೆ ಹಾಕೋ ಹದ ಮಾತ್ರ ಬೆಳಿಗ್ಗೆ ನಮ್ಮ ಅಂಗಡೀಲಿ ಕಲ್ತಿದ್ದು," ಎಂದ ರಿಫ್ಕಿ. ಆಲಿವ್ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಮಾತನ್ನು ಎತ್ತಿ ಹೊಗಳಿಕೆ ಕೆಡಿಸಿಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ.

ನೆಬಾಹತ್ ಅಮ್ಮ ಎಲ್ಲವನ್ನೂ ಒಂದೊಂದಾಗಿ, ಕೊನೆಯ ಅಕ್ರೋಟಿನ ಚೂರಿನವರೆಗೆ ತಿಂದರು. ತುಟಿ ಒರೆಸಿಕೊಂಡರು. ತೋರ್ಬೆನ್ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಮಗನೇ, ನಿನ್ನೆ ನಿನ್ನ ಬಗ್ಗೆ ಏನೇನೋ ಅಂದ್ಕೊಂಡೆ. ಅಲ್ಲಾಹ್ ನನ್ನ ಕ್ಷಮಿಸ್ಲಿ. ಇಂಥಾ ಕೈಯಿರೋನು ಈ ಮನೆ ಬಿಟ್ಟು ಹೋಗಬಾರದು. ಎಲ್ಲಿಗೂ ಹೋಗಬಾರದು."

ತೋರ್ಬೆನ್‌ಗೆ ಹೋದ ಪ್ರಾಣ ಬಂದಂತಾಯಿತು. ಬಾಲ್ಕನಿ, ಸಮುದ್ರ, ಸಂಜೆ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಗುಲ್ಸೆರೆನ್ ಚಪ್ಪಾಳೆ ತಟ್ಟಿದಳು.

"ನೋಡು ಓರ್ಚುನ್," ಎಂದು ನೆಬಾಹತ್ ಅಮ್ಮ ಮೂಲೆಗೆ ತಿರುಗಿದರು. "ಹತ್ತು ದಿನದಿಂದ ತಲೆ ತಿಂತಿದ್ದೆಯಲ್ಲ, ಮೇಲಿನ ಮನೇಲಿ ಊಟದ ಹೋಟೆಲ್ ಇಡ್ತೀನಿ ಅಂತ. ಅಡಿಗೆ ಯಾರು ಮಾಡ್ತಾರೋ, ನಿಮ್ಮಪ್ಪ ಮಾಡ್ತಾನಾ ಅಂತ ಬೈದಿದ್ದೆ. ಸಿಕ್ಕಿದ ನೋಡು ಅಡಿಗೆಯವನು! ತಗೋ, ಮನೆ ನಿಂದು. ಎರಡು ಕೋಣೇಲೂ ಮೇಜು ಹಾಕು. ಬಾಲ್ಕನೀಲಿ ಇನ್ನೆರಡು. ಸಮುದ್ರ ಕಾಣೋ ಕಡೆಗೆ ದುಡ್ಡು ಜಾಸ್ತಿ."

"ಮತ್ತೆ ನಾನು?" ಎಂದ ತೋರ್ಬೆನ್.

"ನಿಂಗೆ ಇಲ್ಲೇ ಕೆಳಗೆ ಹಿಂದುಗಡೆ ಈರುಳ್ಳಿ ಇಡೋ ಕೋಣೆ ಇದೆಯಲ್ಲ, ಕಿಟಕಿ ಇಲ್ದಿದ್ರೂ ಬೆಚ್ಚಗಿದೆ. ನಮ್ಮ ಅಡಿಗೆಮನೆಗೆ ಹತ್ತಿರ, ಅಡಿಗೆ ಅಲ್ಲೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚೋನಿಗೆ ಮೆಟ್ಟಿಲು ಹತ್ತಿಳಿಯೋ ಕಷ್ಟ ಇಲ್ಲ. ವಿಳಾಸ ಅದೇ ಇರುತ್ತೆ, ನಿನ್ನ ಪರವಾನಗಿಗೂ ತೊಂದ್ರೆ ಇಲ್ಲ. ಭಾನುವಾರ ಶುರು. ಇಡೀ ಊರಿಗೆ ಹೇಳ್ಬಿಡು ರಿಫ್ಕಿ."

ಮಧ್ಯಾಹ್ನದಿಂದೀಚೆಗೆ ಮೊದಲ ಸಲ ತೋರ್ಬೆನ್ ಪೂರ್ತಿ ನಿಜ ಹೇಳಬೇಕೆಂದು ನಿಶ್ಚಯಿಸಿದ. ಎದ್ದು ನಿಂತ. ಕೈ ಮುಗಿದಂತೆ ಹಿಡಿದುಕೊಂಡ.

"ಅಮ್ಮ, ನನಗೆ ಅಡಿಗೆ ಬರುವುದಿಲ್ಲ. ಏನೂ ಬರುವುದಿಲ್ಲ. ದೇವರಾಣೆ."

ಎಲ್ಲರೂ ನಡುಮನೆಯೇ ಹಾರಿಹೋಗುವಂತೆ ನಕ್ಕರು. ಗುಲ್ಸೆರೆನ್ ತೊಡೆ ತಟ್ಟಿಕೊಂಡು ನಕ್ಕಳು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಿದ್ರಾ ನೋಡಿದ್ರಾ," ಎಂದರು ಮೇಷ್ಟ್ರು, "ನಮ್ಮವರ ಸಂಕೋಚಾನೂ ಕಲ್ತುಬಿಟ್ಟ! ಇನ್ನು ಇವನನ್ನ ಪರದೇಶಿ ಅನ್ನೋ ಹಾಗಿಲ್ಲ."

ಅಷ್ಟರಲ್ಲಿ ಮೇಲಿನಿಂದ ಮಂಚ ಎಳೆಯುವ ಸದ್ದು ಕೇಳಿಸಿತು. ತೋರ್ಬೆನ್ ಮೂಲೆಯ ಕಡೆ ನೋಡಿದ. ಓರ್ಚುನ್ ಅಲ್ಲಿರಲಿಲ್ಲ.