ಭೂತನಾಥನ ಮೆಟ್ಟಿಲ ಮೇಲೊಂದು ಸೂರ್ಯೋದಯ

ಪ್ರವಾಸ ಕಥನ ಬರೆಯಲು ಪ್ರವಾಸ ಹೋಗಲೇಬೇಕೆಂಬ ನಿಯಮವೇನೂ ಇಲ್ಲ. ಸಾಹಿತ್ಯದಲ್ಲಿ ರಜೆಗೆ ಹೋದವನು ಸದಾ ಒಬ್ಬನೇ ಇರುತ್ತಾನೆ. ಸೂರ್ಯ ಅವನ ಎದುರಿಗೇ ಹುಟ್ಟುತ್ತಾನೆ. ಶೌಚಾಲಯ ಹುಡುಕುವ ಪ್ರಸಂಗ ಅವನಿಗೆ ಬರುವುದೇ ಇಲ್ಲ! ಇಷ್ಟು ತಿಳಿದಿದ್ದ ನಾನು ಬಾಗಲಕೋಟೆಯ ನಮ್ಮ ಮನೆಯ ಜೋಕಾಲಿಯಲ್ಲಿ ಕುಳಿತು, ಪತ್ರಿಕೆಯೊಂದರ ರಜಾ ವಿಶೇಷಾಂಕಕ್ಕೆ ಬಾದಾಮಿಯ ಬಗ್ಗೆ ಬರೆದೆ: 'ಭೂತನಾಥನ ಗುಡಿಯ ಮೆಟ್ಟಿಲ ಮೇಲೆ ಏಕಾಂಗಿಯಾಗಿ ಕುಳಿತಿದ್ದೆ. ಕೆರೆಯಾಚೆ ಸೂರ್ಯ ಮೆಲ್ಲಗೆ ಎದ್ದ.'

ನಾನು ಬಾದಾಮಿಗೆ ಹೋಗಿದ್ದು ಮದುವೆಯಾದ ಹೊಸದರಲ್ಲಿ. ನಿನ್ನೆ ಕಂಡಷ್ಟು ಸ್ಪಷ್ಟ ನೆನಪು!

ಅಚ್ಚಾದದ್ದನ್ನು ನಮ್ಮ ಅತ್ತೆಯವರು ಓದಿಸಿ ಕೇಳಿದರು. ಇಷ್ಟು ವರ್ಷ ನನ್ನ ಬರವಣಿಗೆಯನ್ನು ಕೆಲಸವಿಲ್ಲದವರ ಕೆಲಸ ಎನ್ನುತ್ತಿದ್ದವರು ಅಂದು ಕಣ್ಣೊರೆಸಿಕೊಂಡರು.

"ಭಾಳ ಚಂದ ಬರದೀರಿ ಅಳಿಯಾರ. ಆ ಸೂರ್ಯನ್ನ ನನಗೂ ತೋರಸ್ರಿ."

ಕಷ್ಟಪಟ್ಟು ಸಂಪಾದಿಸಿದ ಮರ್ಯಾದೆ ಈಗ ಸೂರ್ಯನ ಕೈಗೆ ಹೋಯಿತು.

ನಸುಕಿನಲ್ಲೇ ಬಾಡಿಗೆ ಕಾರಿನಲ್ಲಿ ಹೊರಟೆವು. ಮೊಣಕಾಲು ನೋವಿನ ಅತ್ತೆಯವರನ್ನು ಕೆರೆಯ ದಂಡೆಗುಂಟ ಕೈಹಿಡಿದು ನಡೆಸಿ, ಭೂತನಾಥನ ಮೆಟ್ಟಿಲ ಮೇಲೆ ನೀರಿಗೆ ಎದುರಾಗಿ ಕೂರಿಸಿದೆ.

"ರೀ, ಮೂಡಲ ಯಾವ ಕಡಿ?" ಹೆಂಡತಿ ಗಿರಿಜಾ ಕೇಳಿದಳು.

"ಸೂರ್ಯ ಹುಟ್ಟೂ ಕಡಿ," ಎಂದೆ ಗಂಭೀರವಾಗಿ.

ಕಾದೆವು. ಆಚೆ ದಂಡೆಯ ಮನೆಗಳು ಬೆಳಗಿದವು. ಕೆಂಪು ಬಂಡೆ ಬೆಳಗಿತು. ಸೂರ್ಯನ ಸುಳಿವಿಲ್ಲ. ಇದೆಲ್ಲ ಅವನ ಆಗಮನದ ಪೂರ್ವಸಿದ್ಧತೆ ಎಂದು ವಿವರಿಸಿದೆ. ಮಂಗಗಳು ಮಾತ್ರ ಕೆರೆಗೆ ಬೆನ್ನು ಹಾಕಿ, ಗುಡಿಯ ಹಿಂದಿನ ಗುಡ್ಡವನ್ನೇ ನೋಡುತ್ತ ಕುಳಿತಿದ್ದವು. ಅವು ನನ್ನ ಲೇಖನ ಓದಿರಲಿಲ್ಲ.

ಅಷ್ಟರಲ್ಲಿ ನನ್ನ ಕತ್ತಿನ ಹಿಂಭಾಗ ಬೆಚ್ಚಗಾಯಿತು.

"ಬಂದ್ನೇನ್ರಿ?" ಕೆರೆಯಿಂದ ಕಣ್ಣು ಕೀಳದೆ ಅತ್ತೆಯವರು ಕೇಳಿದರು.

"ಬಂದಾನ ಯವ್ವಾ, ನಮ್ಮ ಬೆನ್ನಿಗಿ ನಿಂತಾನ!" ಎಂದಳು ಗಿರಿಜಾ. ನನ್ನತ್ತ ತಿರುಗಿದಳು. "ಅವತ್ತ ನಾವು ಬಂದಿದ್ದು ಸಂಜಿಮುಂದ. ಮುಳುಗಾವನ್ನ ಹಿಡದು ಎಬ್ಬಿಸೀರಲ್ರಿ! ಮ್ಯಾಲೆ ಒಬ್ಬನ ಕುಂತಿದ್ದೆ ಅಂತ ಬ್ಯಾರೆ. ಬಾಜೂಕ ಕುಂತಾಕಿ ಯಾರು?"

"ಸಾಹಿತ್ಯದಾಗ ಅದು..."

"ಸಾಹಿತ್ಯದಾಗ ಹೆಂಡ್ತಿಗಿ ಟಿಕೀಟ ಇಲ್ಲೇನು?"

ಅತ್ತೆಯವರು ಹಿಂದೆ ತಿರುಗಿ ಸೂರ್ಯನಿಗೆ ಕೈಮುಗಿದರು, ನನ್ನತ್ತ ನೋಡಲಿಲ್ಲ. ನನಗೆ ಅದೇ ಭಯ. ಹಿಂತಿರುಗುವಾಗ ದಾರಿಯ ಕೆರೂರಿನಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದೆವು. ಅಲ್ಲಿ ಚಹಾದಂಗಡಿಯವನು, "ಎಲ್ಲಿಗಿ ಹೋಗಿದ್ರಿ ಯವ್ವಾ?" ಎಂದ. ಅತ್ತೆಯವರು ಚಹಾ ಆರಿಸಿಕೊಳ್ಳುತ್ತ ಹೇಳಿದರು:

"ಇವರು ನಮ್ಮ ಅಳಿಯಾರು. ದೊಡ್ಡ ಬರಿಯೋರು. ಇವರು ಬರದದ್ದನ್ನ ಕೇಳಬೇಕು, ಕೇಳಿ ಮನ್ಯಾಗ ಕುಂದ್ರಬೇಕು!"

ಪರಿಚಯವಿಲ್ಲದವರ ಮುಂದೆ ಅತ್ತೆಯವರು ನನ್ನನ್ನು ಬರಹಗಾರ ಎಂದದ್ದು ಅದೇ ಮೊದಲು. ಅಷ್ಟು ಮಾತು ನನಗೆ ಚೆನ್ನಾಗಿ ನೆನಪಿದೆ. ಉಳಿದದ್ದನ್ನು ದಯವಿಟ್ಟು ಗಿರಿಜಾಳ ಹತ್ತಿರ ಕೇಳಬೇಡಿ!